2023ರ ಅಕ್ಟೋಬರ್ ಸೀಸನ್ ಅನಿಮೆ: ಕೊನೆ ಸಮ ಇರುವಂಥದ್ದು ಯಾವ್ದುಂಟು? ಸ್ಪಾಯ್ಲರ್ ಅಡ್ಡಿಲ್ಲ

ಬೇಳದ_ಬೆಕ್ಕು

ಎಲ್ರಿಗೂ ನಮಸ್ಕಾರ, ಒಂದು ಸಹಾಯ ಬೇಕಿತ್ತು. ತಂಗಿ ಮಂಗ್ಳೂರಲ್ಲಿ ಹಾಸ್ಟೆಲಲ್ಲಿ ಇರುದು, ಶನಿವಾರ ಮನೆಗೆ ಬರುವಾಗ ಟ್ಯಾಬಲ್ಲಿ ಅನಿಮೆ (ಜಪಾನಿನ ಕಾರ್ಟೂನ್ ಸೀರಿಯಲ್) ಡೌನ್‌ಲೋಡ್ ಮಾಡಿ ತರ್ತಾಳೆ, ಯಾಕಂದ್ರೆ ನಮ್ಮಲ್ಲಿ ಮಳೆ ಸುರು ಆದ್ಮೇಲೆ ನೆಟ್ ಉಂಟೂಂತಲೂ ಹೇಳ್ಲಿಕ್ಕಾಗುದಿಲ್ಲ ಇಲ್ಲಾಂತಲೂ ಹೇಳ್ಲಿಕ್ಕಾಗುದಿಲ್ಲ. ಹಾಗಾಗಿ ಎಂತ ತರ್ಬೇಕು ಅಂತ ಮೊದ್ಲೇ ಹೇಳಿ ಕಳಿಸ್ಬೇಕು. ಈಗ ಸಮಸ್ಯೆ ಎಂತದು ಅಂದ್ರೆ ನಾವು ನೋಡಿದ್ದೆಲ್ಲ ಹನ್ನೆರಡು ಎಪಿಸೋಡ್ ಆಗಿ, ಇನ್ನು ಕತೆಗೆ ಒಂದು ಗತಿ ಬಂತು ಅನ್ನುವಾಗ ಹಾಡು ಹಾಕಿ ನಿಲ್ಲಿಸ್ತಾರೆ. ಅಮ್ಮನೂ ಕೂತು ನೋಡ್ತಾರೆ ಮಾರ್ರೆ, ಸಬ್‌ಟೈಟಲ್ ಅಷ್ಟು ಸ್ಪೀಡಲ್ಲಿ ಓದ್ಲಿಕ್ಕಾಗುದಿಲ್ಲ, ತಂಗಿ ಓದಿ ಕನ್ನಡದಲ್ಲಿ ಹೇಳುದು, ಕೊನೆಗೆ "ಅವ ಮತ್ತೆ ಎಂತ ಆದ?" ಅಂತ ಅಮ್ಮ ಕೇಳಿದ್ರೆ ನಮ್ಮ ಹತ್ರ ಉತ್ತರ ಇಲ್ಲ.

2023ರ ಅಕ್ಟೋಬರಿನ ಸೀಸನ್ ಬಾರೀ ಗಮ್ಮತ್ತಿತ್ತು ಅಂತ ಎಲ್ಲ ಕಡೆ ಕೇಳ್ತೇನೆ. ಫ್ರೀರೆನ್, ಅಪೋಥೆಕರಿ ಡೈರೀಸ್, ಜುಜುತ್ಸು ಕೈಸೆನ್ ಎರಡನೇ ಸೀಸನ್, ಅಟ್ಯಾಕ್ ಆನ್ ಟೈಟನ್‌ನ ಕೊನೆ, ನೆಟ್‌ಫ್ಲಿಕ್ಸಿನ ಪ್ಲೂಟೋ. ಇದ್ರಲ್ಲಿ ನೋಡಿ ಎದ್ದಾಗ ಮುಗೀತು ಅನ್ನಿಸುವಂಥದ್ದು ಯಾವ್ದು? ಮಾಂಗಾ (ಜಪಾನಿನ ಕಾಮಿಕ್ಸ್ ಪುಸ್ತಕ) ಓದಿ ಅಂತ ಮಾತ್ರ ಹೇಳ್ಬೇಡಿ ದಯವಿಟ್ಟು.

ಮಧುವಾಹಿನಿ

ಸೀಸನ್ ಮುಗಿಯುದು ಬೇರೆ, ಕತೆ ಮುಗಿಯುದು ಬೇರೆ ಅಕ್ಕ. ಅಣ್ಣನೋ ಗೊತ್ತಿಲ್ಲ, ಬೆಕ್ಕಿನ ಫೋಟೋ ಮಾತ್ರ ಕಾಣುದು. ಜಪಾನಲ್ಲಿ ವರ್ಷಕ್ಕೆ ನಾಲ್ಕು ಸೀಸನ್, ಜನವರಿ ಏಪ್ರಿಲ್ ಜುಲೈ ಅಕ್ಟೋಬರಿಗೆ ಸುರು ಆಗುದು. ಮೂರು ತಿಂಗಳಿಗೆ ವಾರಕ್ಕೊಂದು ಹಾಕಿದ್ರೆ ಹನ್ನೆರಡೋ ಹದಿಮೂರೋ ಎಪಿಸೋಡ್, ಅದಕ್ಕೆ ಕೂರ್ ಹೇಳುದು ಅವ್ರು. ಟಿವಿ ಸ್ಲಾಟ್ ಮುಗಿದಲ್ಲಿಗೆ ಸೀಸನ್ ನಿಲ್ತದೆ. ಮಾಂಗಾ ಆಚೆ ನಡೀತಾ ಇರ್ತದೆ, ಅನಿಮೆ ಬಂದ್ರೆ ಪುಸ್ತಕ ಖರ್ಚಾಗ್ತದೆ, ದುಡ್ಡು ಹಾಕುವ ಕಮಿಟಿಯಲ್ಲಿ ಹೆಚ್ಚಾಗಿ ಪ್ರಕಾಶಕರೂ ಇರ್ತಾರೆ, ಅವರಿಗೆ ನಿಮ್ಮಮ್ಮನ ಪ್ರಶ್ನೆಗೆ ಉತ್ತರ ಕೊಡುವ ಅರ್ಜೆಂಟ್ ಎಂತ ಉಂಟು ಹೇಳಿ. ಹಾಗಾಗಿ ನಾನು ನೋಡುದು ಇಷ್ಟೇ, ಆ ಸೀಸನಲ್ಲಿ ಎತ್ತಿದ ವಿಷಯಕ್ಕೆ ಅದೇ ಸೀಸನಲ್ಲಿ ಒಂದು ನೆಲೆ ಸಿಕ್ಕಿತಾ ಇಲ್ವಾ.

ಆ ಲೆಕ್ಕದಲ್ಲಿ ಫ್ರೀರೆನ್ ಫಸ್ಟ್. ಬೇರೆಯವ್ರು ಎಲ್ಲಿ ಮುಗಿಸ್ತಾರೋ ಅಲ್ಲಿಂದ ಇದು ಸುರು ಆಗುದು. ರಾಕ್ಷಸರ ರಾಜನನ್ನು ಕೊಂದು ಹತ್ತು ವರ್ಷದ ಪ್ರಯಾಣ ಮುಗಿಸಿ ನಾಲ್ಕು ಜನ ವಾಪಸ್ ಬರ್ತಾರೆ, ಫ್ರೀರೆನ್ ಎಲ್ಫ್, ಅವಳಿಗೆ ಸಾವಿರಗಟ್ಲೆ ಆಯುಷ್ಯ, ಹತ್ತು ವರ್ಷ ಅಂದ್ರೆ ಲೆಕ್ಕಕ್ಕೇ ಇಲ್ಲ. ಐವತ್ತು ವರ್ಷ ಕಳ್ದು ಬಂದು ನೋಡುವಾಗ ಆ ನಾಲ್ವರಲ್ಲಿ ಒಬ್ಬ ಹಿಮ್ಮೆಲ್ ಮುದುಕ ಆಗಿದ್ದಾನೆ, ಸ್ವಲ್ಪದರಲ್ಲೇ ಸಾಯ್ತಾನೆ. ಅವನ ಅಂತ್ಯಸಂಸ್ಕಾರದಲ್ಲಿ, ಹತ್ತು ವರ್ಷ ಒಟ್ಟಿಗಿದ್ರೂ ಇವನ ಬಗ್ಗೆ ತಿಳ್ಕೊಳ್ಳಲೇ ಇಲ್ಲ ನಾನು ಅಂತ ಅಳ್ತಾಳೆ. ಇದು ಮೊದಲ ಎಪಿಸೋಡು. 2023 ಸೆಪ್ಟೆಂಬರ್ 29ಕ್ಕೆ ಮೊದಲ ನಾಲ್ಕು ಎಪಿಸೋಡ್ ಒಂದೇ ರಾತ್ರಿ ಎರಡು ಗಂಟೆಯ ಸ್ಪೆಷಲಾಗಿ ಹಾಕಿದ್ರು ನಿಪ್ಪಾನ್ ಟಿವಿಯಲ್ಲಿ, ಮತ್ತೆ ವಾರಕ್ಕೊಂದರ ಹಾಗೆ ಎರಡು ಕೂರ್, ಒಟ್ಟು 28, 2024 ಮಾರ್ಚಿಗೆ ಮುಗೀತು. ನೀವು ಸಹ ಆ ನಾಲ್ಕನ್ನು ಒಟ್ಟಿಗೇ ನೋಡಿ, ಒಂದೇ ನೋಡಿ ಬಿಟ್ರೆ ಮಂಡೆಗೆ ಹೋಗುದಿಲ್ಲ.

ಕೊನೆಗೆ ಮಾಂತ್ರಿಕರ ಪರೀಕ್ಷೆ ಉಂಟು, ಅದು ಸ್ವಲ್ಪ ಎಳೀತದೆ ಅಂತ ಕೆಲವರು ಹೇಳ್ತಾರೆ, ನಂಗೂ ಮಧ್ಯದಲ್ಲಿ ಹಾಗೆ ಅನ್ನಿಸಿತ್ತು. ಆದ್ರೆ ಕೊನೆಯ ಎಪಿಸೋಡಲ್ಲಿ ಎಂತ ಮಾಡಿದ್ದಾರೆ ನೋಡಿ. ಫ್ರೀರೆನ್ ಫೇಲು, ಸಾಲದ್ದಕ್ಕೆ ಸಾವಿರ ವರ್ಷ ಈ ಬಿಲ್ಡಿಂಗ್ ಒಳಗೆ ಕಾಲು ಹಾಕ್ಬಾರ್ದು ಅಂತ ಆರ್ಡರು, ಹಾಗಾಗಿ ಶಿಷ್ಯೆ ಫೆರ್ನ್ ಪಾಸಾಗಿ ಬಹುಮಾನ ತಕ್ಕೊಳ್ಳುವಾಗ ಗುರು ಹೊರಗೆ ಕಾಯುದು. ಫೆರ್ನಿಗೆ ಜಗತ್ತಿನ ಯಾವ ಮಂತ್ರ ಬೇಕಾದ್ರೂ ಕೇಳ್ಬಹುದು, ಅವಳು ಕೇಳಿದ್ದು ಬಟ್ಟೆ ಚೊಕ್ಕ ಮಾಡುವ ಮಂತ್ರ! ಅದನ್ನು ಕೊಡುವ ದೊಡ್ಡ ಮಾಂತ್ರಿಕಳು ಸೀರಿಯೆಯ ಮುಖ ನೋಡ್ಬೇಕು. ನಮ್ಮಮ್ಮ ಆದ್ರೆ ಆಟಿಯಲ್ಲಿ ಬಟ್ಟೆ ಒಣಗಿಸುವ ಮಂತ್ರ ಕೇಳ್ತಿದ್ರು. ಮತ್ತೆ ಪರೀಕ್ಷೆಯಲ್ಲಿ ಒಟ್ಟಿಗಿದ್ದವರಿಗೆಲ್ಲ ಟಾಟಾ ಮಾಡುದು ಎರಡೇ ಮಾತಲ್ಲಿ, ಯಾಕೆ ಅಂದ್ರೆ ಹಿಮ್ಮೆಲ್ ಹಿಂದೊಮ್ಮೆ ಹೇಳಿದ್ದ, ಅತ್ತು ಕರೆದು ಬೀಳ್ಕೊಟ್ರೆ ಪುನಃ ಸಿಕ್ಕಿದಾಗ ನಾಚಿಕೆ ಆಗ್ತದಲ್ಲ ಅಂತ. ಅಷ್ಟೇ. ಮತ್ತೆ ಮೂವರೂ ಬಡಗು ದಿಕ್ಕಿಗೆ ನಡೀತಾರೆ. ಕತೆ ಮುಗಿಲಿಲ್ಲ, ಎರಡನೇ ಸೀಸನ್ ಬಂದದ್ದು 2026 ಜನವರಿಗೆ, ಆದ್ರೂ ನಂಗೆ ಎಂತದೂ ಬಾಕಿ ಉಳ್ದ ಹಾಗೆ ಅನ್ನಿಸ್ಲಿಲ್ಲ.

ಅಪೋಥೆಕರಿ ಸಹ ಹಾಗೇ, 24 ಎಪಿಸೋಡು. ಅರಮನೆಯಲ್ಲಿ ಮದ್ದು, ವಿಷ, ಪತ್ತೇದಾರಿ, ಅಮ್ಮನಿಗೆ ಹೇಳಿ ಮಾಡಿಸಿದ್ದು. ಕೊನೆಗೆ ಮಾವ್‌ಮಾವ್ (ಮದ್ದು ಗೊತ್ತಿರುವ ಹುಡುಗಿ, ಇದರ ಹೀರೋಯಿನ್) ತನ್ನ ಅಪ್ಪ ಲಕನನ್ನು ಚದುರಂಗದಂಥ ಆಟಕ್ಕೆ ಕೂರಿಸಿ ಸೋಲಿಸ್ತಾಳೆ, ಸೋತದ್ದಕ್ಕೆ ಅವ ವೇಶ್ಯಾಗೃಹದಿಂದ ಒಬ್ಬಳನ್ನು ಬಿಡಿಸಿ ಕರ್ಕೊಂಡು ಹೋಗ್ಬೇಕು. ಅವ ಯಾರನ್ನು ಆರಿಸ್ತಾನೆ ಅನ್ನುದರಲ್ಲೇ ಇಡೀ ಸೀಸನಿನ ಗಂಟು ಬಿಚ್ಚುದು. ಅವ ಒಳಗೆ ಹೋಗಿ ಚಂದದವರ ಸಾಲಿನ ಎದುರು ನಿಂತಿರುವಾಗ ಎಲ್ಲಿಂದಲೋ ಒಂದು ಹಾಡು ಕೇಳ್ತದೆ... ಇನ್ನು ಹೇಳುದಿಲ್ಲ, ಸ್ಪಾಯ್ಲರ್ ಅಡ್ಡಿಲ್ಲ ಅಂದ್ರೂ ಇದನ್ನು ನೀವೇ ನೋಡ್ಬೇಕು. ಅರಮನೆ ಗೋಡೆಯ ಮೇಲೆ ಮಾವ್‌ಮಾವ್ ಒಬ್ಬಳೇ ಕುಣಿಯುದನ್ನು ಸಹ.

ಉಪ್ಪಳ_ಲೋಕಲ್

ಮಧುವಾಹಿನಿ ಹೇಳಿದ ಮೇಲೆ ನಂಗೆ ಉಳ್ದದ್ದು ಜುಜುತ್ಸು ಮತ್ತೆ ಟೈಟನ್ನು, ಎರಡೂ ಜಗಳದ ವಿಷಯವೇ.

ಜುಜುತ್ಸು ಎರಡನೇ ಸೀಸನ್ ಸುರು ಆದದ್ದು ಜುಲೈಗೆ, ಅಕ್ಟೋಬರಿನದ್ದು ಅನ್ನುದು ಪೂರ್ತಿ ಸಮ ಅಲ್ಲ, ಟೋಕಿಯೋದ ಶಿಬುಯಾದಲ್ಲಿ ನಡೆಯುವ ಭಾಗ ಆಗಸ್ಟ್ ಕೊನೆಗೆ ಹಿಡಿದು ಡಿಸೆಂಬರ್ 28ರ ವರೆಗೆ ಹೋಯ್ತು. ಫೈಟ್ ನೋಡ್ಬೇಕಾ, ಕಣ್ಣು ಮುಚ್ಚಿ ನೋಡಿ. ಮುಚ್ಚಿ ಅಲ್ಲ, ತೆರೆದು. ನಾನು ದಿನಾ ಉಪ್ಪಳದಿಂದ ಮಂಗ್ಳೂರಿಗೆ ಲೋಕಲಲ್ಲಿ ಹೋಗುವವ, ನನಾಮಿ ಸಾಯುವ ಎಪಿಸೋಡ್ ನೇತ್ರಾವತಿ ಸೇತುವೆ ಬರುವಾಗ ನೋಡಿದ್ದು, ಸುಟ್ಟ ಮೈಯಲ್ಲಿ ಸಮುದ್ರದ ಕರೆಯ ಒಂದು ಊರನ್ನು ಗ್ಯಾನ ಮಾಡ್ತಾ ನಡೀತಾನೆ ಅವ, ಎದುರಿನ ಸೀಟಿನ ಅಜ್ಜಿ ಎಂತಾಯ್ತು ಮಗ ಅಂತ ಕೇಳಿದ್ರು. ಅಷ್ಟು ಉಂಟು ಅದ್ರಲ್ಲಿ. ಅದನ್ನು ಮಾಡಿದ ಅನಿಮೇಟರುಗಳೇ ಟೈಮ್ ಸಾಲುದಿಲ್ಲ ಅಂತ ಆಗ ಎಕ್ಸಲ್ಲಿ ಬಹಿರಂಗವಾಗಿ ಹೇಳ್ಕೊಂಡಿದ್ರು, ಅಷ್ಟು ಒತ್ತಡದಲ್ಲಿ ಇಷ್ಟು ಬಂದದ್ದೇ ದೊಡ್ಡದು.

ಆದ್ರೆ ಕೊನೆ? ಕೊನೆ ಅಂತ ಇಲ್ಲವೇ ಇಲ್ಲ. ವಿಲನ್ ಬಂದು ಇನ್ನು ಮುಂದೆ ಎಂತೆಲ್ಲ ಆಗ್ಲಿಕ್ಕುಂಟು ಅಂತ ಭಾಷಣ ಬಿಡ್ತಾನೆ, ಬಿಳಿ ಕೋಟಿನ ಒಬ್ಬ ಹುಡುಗ ಪ್ರತ್ಯಕ್ಷ ಆಗ್ತಾನೆ, ಮುಂದಿನ ಭಾಗ ಬರ್ತದೆ ಅಂತ ಬೋರ್ಡ್ ಹಾಕಿ ಮುಗಿಸ್ತಾರೆ. ಬಂದದ್ದು 2026 ಜನವರಿಗೆ. ಎರಡು ವರ್ಷ! ಅಮ್ಮನಿಗೆ ತೋರಿಸ್ಬೇಡಿ.

ಟೈಟನ್ನು. ಫೈನಲ್ ಸೀಸನ್ ಅಂತ 2020 ಡಿಸೆಂಬರಿಗೆ ಸುರು ಮಾಡಿ ಫೈನಲ್, ಫೈನಲ್‌ನ ಎರಡನೇ ಭಾಗ, ಫೈನಲ್‌ನ ಫೈನಲ್, ಅದರ ಮತ್ತೊಂದು ಭಾಗ ಅಂತ 2023 ನವೆಂಬರ್ ವರೆಗೆ ಎಳೆದವ್ರು. ಅಷ್ಟು ಕಾಯಿಸಿ ಕೊಟ್ಟದ್ದೆಂತ, ಹೀರೋ ಎರೆನ್ ಜಗತ್ತಿನ 80% ಜನರನ್ನು ಟೈಟನ್ ಅನ್ನುವ ದೈತ್ಯರಿಂದ ತುಳಿಸಿ ಕೊಂದು, ಅದು ನಿಮಗೋಸ್ಕರ ಅಂತ ಗೆಳೆಯರಿಗೆ ಹೇಳಿ, ಒಟ್ಟಿಗೆ ಬೆಳೆದ ಮಿಕಾಸಾ ಹತ್ತು ವರ್ಷ ಆದ್ರೂ ನನ್ನನ್ನೇ ನೆನೆಸ್ಬೇಕು ಅಂತ ಸಣ್ಣ ಮಕ್ಕಳ ಹಾಗೆ ಅಳುದು. ಮೂರು ಸೀಸನ್ ಕಟ್ಟಿದ ಕ್ಯಾರೆಕ್ಟರನ್ನು ಒಂದೇ ಸೀನಲ್ಲಿ ಹಾಳು ಮಾಡಿದ್ರು. ನನ್ನ ಮಟ್ಟಿಗೆ ಅದು ಮೂರನೇ ಸೀಸನಲ್ಲಿ ಸಮುದ್ರ ನೋಡುವಲ್ಲಿಗೆ ಮುಗೀತು.

ಮುಳ್ಳೇರಿಯ_ಮಾಸ್ಟ್ರು

ಉಪ್ಪಳ ತಮ್ಮ, ನಿನ್ನ ಸಿಟ್ಟು ಅರ್ಥ ಆಗ್ತದೆ ಆದ್ರೆ ನೀನು ಹೇಳುವ ಆ ಸೀನು ಮಾಂಗಾದಲ್ಲಿ ಇದ್ದ ಹಾಗೆ ಅನಿಮೆಯಲ್ಲಿ ಇಲ್ಲ, ಅದನ್ನು ಬಿಟ್ಟು ಮಾತಾಡಿದ್ರೆ ಹೇಗೆ.

ಮಾಂಗಾ 2021 ಏಪ್ರಿಲಿಗೇ ಮುಗ್ದಿತ್ತು. ಯಾರು ಸಾಯುದು ಯಾರು ಕೊಲ್ಲುದು ಹೇಳಿ ಅನಿಮೆ ಬರುವ ಎರಡೂವರೆ ವರ್ಷ ಮೊದ್ಲೇ ಊರಿಗೆಲ್ಲ ಗೊತ್ತು. ನಮ್ಮ ಬಯಲಾಟದಲ್ಲಿ ಕರ್ಣ ಸಾಯ್ತಾನೆ ಹೇಳಿ ಗೊತ್ತಿಲ್ಲದೆ ಯಾರಾದ್ರೂ ಬೆಳಗಿನ ವರೆಗೆ ಕೂತ್ಕೊಳ್ತಾರಾ? ಪದ್ಯ ಅದೇ, ಭಾಗವತರು ಹೇಳುದು ಅದನ್ನೇ, ಆದ್ರೆ ಇವತ್ತು ಕರ್ಣ ಮಾಡಿದವ ಕೃಷ್ಣನ ಎದುರು ಎಂತ ಅರ್ಥ ಹೇಳ್ತಾನೆ ಅದನ್ನು ಕೇಳ್ಲಿಕ್ಕೆ ಹೋಗುದು. ಅರ್ಥ ಕೆಟ್ಟರೆ ಅದೇ ಪ್ರಸಂಗ ಮಣ್ಣು, ಅರ್ಥ ಏರಿದ್ರೆ ಮರುದಿನ ಅಂಗಡಿ ಜಗಲಿಯಲ್ಲಿ ಅದೇ ಮಾತು. ಟೈಟನ್ನಿನ ಕೊನೆಯಲ್ಲಿ ಆದದ್ದು ಸಹ ಅದೇ. ಪದ್ಯ ಮುಟ್ಲಿಲ್ಲ, ಅರ್ಥ ಬದಲಾಯಿಸಿದ್ರು.

ಮಾಂಗಾದಲ್ಲಿ ಎರೆನಿನ ಗೆಳೆಯ ಆರ್ಮಿನ್, ನಮಗಾಗಿ ನೀನು ಕೊಲೆಗಾರ ಆದೆಯಲ್ಲ ಹೇಳಿ ಎರೆನಿಗೆ ಥ್ಯಾಂಕ್ಸ್ ಹೇಳುವ ಹಾಗೆ ಇತ್ತು, ಓದಿದವ್ರು ಬೊಬ್ಬೆ ಹಾಕಿದ್ದು ನ್ಯಾಯವೇ. ಅನಿಮೆಯಲ್ಲಿ ಅದನ್ನು ತೆಗೆದು, ಹೊರಗಿನ ಜಗತ್ತಿನ ಆಸೆ ನಿಂಗೆ ಹುಟ್ಟಿಸಿದವ ನಾನು, ಈ ಪಾಪದಲ್ಲಿ ನನಗೂ ಪಾಲುಂಟು, ನರಕ ಹೇಳಿ ಇದ್ರೆ ಅಲ್ಲಿ ಒಟ್ಟಿಗೇ ಇರುವ ಹೇಳಿ ಆರ್ಮಿನ್ ಹೇಳುದು. ಇಬ್ಬರೂ ಕೆಂಪು ನೀರಲ್ಲಿ ನಿಂತಿರ್ತಾರೆ. ಸಣ್ಣ ಬದಲಾವಣೆ ಅಲ್ಲ ಅದು, ಥ್ಯಾಂಕ್ಸ್ ಹೇಳಿದ್ರೆ ಕೊಂದದ್ದು ಸರಿ ಹೇಳಿ ಆಯ್ತು, ಪಾಲು ತಕ್ಕೊಂಡ್ರೆ ಕೊಂದದ್ದು ತಪ್ಪೇ ಹೇಳಿ ಉಳೀತದೆ. ಎರೆನ್ ಅಳುದು ನಂಗೂ ಪೂರ್ತಿ ಹಿಡಿಸ್ಲಿಲ್ಲ, ಆದ್ರೆ ಹತ್ತೊಂಬತ್ತು ವರ್ಷದ ಹುಡುಗ ಮಾರಾಯ, ಭೀಷ್ಮನ ಹಾಗೆ ಮಾತಾಡ್ಲಿಕ್ಕೆ ಸಾಧ್ಯವಾ.

ಮತ್ತೆ ಹೆಸರು ಬರುವಾಗ ಎದ್ದು ಹೋಗ್ಬೇಡಿ. ಎಷ್ಟೋ ಕಾಲ ಕಳೆದು ಅದೇ ಊರಿನ ಮೇಲೆ ಬಾಂಬು ಬೀಳುದು ಅಲ್ಲೇ ತೋರಿಸುದು. ಅಷ್ಟು ಜನ ಕೊಂದು ತಂದ ಶಾಂತಿ ಎಷ್ಟು ಕಾಲ ಬಾಳಿತು ಹೇಳಿ ಡೈಲಾಗೇ ಇಲ್ಲದೆ ಹೇಳಿದ್ದಾರೆ. ಇವರು ಕೇಳಿದ ಪ್ರಶ್ನೆಗೆ ಮಾತ್ರ ಹೇಳುದಾದ್ರೆ, ಈ ಐದರಲ್ಲಿ ವಾರ ವಾರ ಟಿವಿಯಲ್ಲಿ ನಡೆದು ನಿಜಕ್ಕೂ ಕೊನೆ ಮುಟ್ಟಿದ್ದು ಟೈಟನ್ ಒಂದೇ, 2013ಕ್ಕೆ ಹಿಡಿದದ್ದನ್ನು 2023ಕ್ಕೆ ಬಿಟ್ರು. ಆದ್ರೆ ಅದನ್ನು ನೋಡ್ಲಿಕ್ಕೆ ಹಿಂದಿನ 87 ಎಪಿಸೋಡು ಮತ್ತೊಂದು ಸ್ಪೆಷಲ್ ಆಗ್ಬೇಕು, ಮೊದಲನೆಯದ್ರಲ್ಲೇ ಹುಡುಗನ ಅಮ್ಮನನ್ನು ಅವನ ಕಣ್ಣೆದುರೇ ಟೈಟನ್ ತಿನ್ನುದು. ನಿಮ್ಮ ಮನೆಯಲ್ಲಿ ಅದು ನಡೀತದಾ ನೋಡಿಕೊಳ್ಳಿ.

ಉಪ್ಪಳ_ಲೋಕಲ್

ಮಾಸ್ಟ್ರೇ, ಅರ್ಥ ಬದಲಾದ್ದು ಒಪ್ತೇನೆ, ಆರ್ಮಿನಿನ ಮಾತು ಅನಿಮೆಯಲ್ಲಿ ಚಂದ ಆಗಿದೆ. ಆದ್ರೂ ಅದು ಪ್ಯಾಚ್ ಹಾಕಿದ್ದು, ಒಳಗಿನ ತೂತು ಹಾಗೇ ಉಂಟು. ಎರೆನಿಗೆ ಎಂತ ಬೇಕಿತ್ತು ಅಂತ ಅವನಿಗೇ ಗೊತ್ತಿಲ್ಲ ಅಂತ ಬರೆದವನೇ ಹೇಳಿಸಿದ್ರೆ ನೋಡುವವರು ಎಲ್ಲಿಗೆ ಹೋಗುದು? ನಾನು ಇದ್ರಲ್ಲಿ ಸಮ ಆಗುವವ ಅಲ್ಲ.

ಪೆರ್ಲ_ಪಾರ್ಸೆಲ್

ನೀವು ಟೈಟನಲ್ಲಿ ಹೊಡ್ದಾಡಿ, ಆ ಜನ ಕೇಳಿದ್ದಕ್ಕೆ ನೇರ ಉತ್ತರ ಪ್ಲೂಟೋ. ಎಂಟೇ ಎಪಿಸೋಡು, ಒಂದೊಂದು ಸುಮಾರು ಒಂದು ಗಂಟೆ, 2023 ಅಕ್ಟೋಬರ್ 26ಕ್ಕೆ ಒಟ್ಟಿಗೇ ಹಾಕಿದ್ದು. ಮಾಂಗಾ ಎಂಟು ಸಂಪುಟ, 2009ಕ್ಕೇ ಮುಗ್ದದ್ದು, ಇಲ್ಲಿ ಎಂಟು ಎಪಿಸೋಡು, ಎಂತದೂ ಬಾಕಿ ಇಲ್ಲ. ಮಾಂಗಾ ಬರೆಯುವ ತೆಜುಕಾ 1964ರಲ್ಲಿ ಮಕ್ಕಳಿಗೆ ಬರೆದ ಆಸ್ಟ್ರೋ ಬಾಯ್ ಕತೆಯ ಒಂದು ಭಾಗವನ್ನು ಉರಸಾವಾ ಹೇಳುವ ಇನ್ನೊಬ್ಬ ಮಾಂಗಾ ಲೇಖಕ ದೊಡ್ಡವರಿಗೆ ಆಗುವ ಹಾಗೆ ಮಾಡಿದ್ದು, ಗೆಸಿಷ್ಟ್ ಹೇಳುವ ರೋಬೋ ಪೊಲೀಸ್ ರೋಬೋಗಳ ಕೊಲೆಯ ತನಿಖೆ ಮಾಡ್ಲಿಕ್ಕೆ ಹೋಗುದು. ಮೊದಲ ಎಪಿಸೋಡಲ್ಲಿ ಯುದ್ಧ ಮಾಡಿ ಬಂದ ರೋಬೋ ಒಂದು ಕಣ್ಣು ಕಾಣದ ಸಂಗೀತಗಾರನ ಮನೆಯಲ್ಲಿ ಕೆಲ್ಸಕ್ಕೆ ನಿಲ್ತದೆ, ಆ ಮುದುಕ ಬೈದು ಬೈದು ಓಡಿಸ್ತಾನೆ, ನಂಗೆ ಇನ್ನು ಯುದ್ಧಕ್ಕೆ ಹೋಗ್ಲಿಕ್ಕೆ ಮನಸ್ಸಿಲ್ಲ ಪಿಯಾನೋ ಬಾರಿಸ್ಲಿಕ್ಕೆ ಕಲಿಸಿ ಅಂತದೆ ಅದು. ಅಷ್ಟು ನೋಡಿ ನಿಮ್ಮಮ್ಮ ಎದ್ದು ಹೋದ್ರೆ ನನ್ನನ್ನು ಕೇಳಿ.

ಕೊನೆ ಸಹ ಆಟಂಗೂ (ಆಸ್ಟ್ರೋ ಬಾಯ್ ಅವನೇ) ಕೊಲೆ ಮಾಡುವ ರೋಬೋ ಪ್ಲೂಟೋಗೂ ಯುದ್ಧ ಆಗಿ ಒಬ್ಬ ಗೆಲ್ಲುವಂಥದ್ದಲ್ಲ. ಹೊಡೀಲಿಕ್ಕೆ ಕೈ ಎತ್ತಿದವ ನಿಲ್ಲಿಸ್ತಾನೆ, ಯಾಕೆ ನಿಲ್ಲಿಸ್ತಾನೆ ಅನ್ನುದಕ್ಕೆ ಹಿಂದಿನ ಏಳು ಗಂಟೆ ಬೇಕು.

ಒಂದು ತಮಾಷೆ ಗೊತ್ತುಂಟಾ, ಫ್ರೀರೆನ್ ಮಾಡಿದ ಮ್ಯಾಡ್‌ಹೌಸ್ ಸ್ಟುಡಿಯೋವನ್ನು 1972ರಲ್ಲಿ ಸುರು ಮಾಡಿದವರಲ್ಲಿ ಮರುಯಾಮಾ ಮಸಾವೊ ಒಬ್ಬರು, ಜುಜುತ್ಸು ಮತ್ತೆ ಟೈಟನ್‌ನ ಕೊನೆ ಮಾಡಿದ ಮಾಪ್ಪಾ 2011ರಲ್ಲಿ ಸ್ಥಾಪಿಸಿದ್ದು ಅವ್ರೇ, ಅದನ್ನೂ ಬಿಟ್ಟು ಪ್ಲೂಟೋ ಮಾಡಿದ ಎಂ2 ಕಟ್ಟಿದ್ದೂ ಅವ್ರೇ. ನೀವು ಜಗಳ ಮಾಡುವ ಐದರಲ್ಲಿ ನಾಲ್ಕು ಒಬ್ಬನೇ ಜನ ಹಾಕಿದ ಪಂಚಾಂಗದ ಮೇಲೆ ನಿಂತದ್ದು.

ಬೇಳದ_ಬೆಕ್ಕು

ಅಯ್ಯೋ ಇಷ್ಟು ಉತ್ತರ ಬರ್ತದೆ ಅಂತ ಗ್ರಹಿಸ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಮತ್ತೆ ಅಕ್ಕ ಅಂದದ್ದೇ ಸರಿ. ತಂಗಿಗೆ ಮೆಸೇಜ್ ಹಾಕಿದೆ, ಈ ವಾರ ಪ್ಲೂಟೋ ಪೂರ್ತಿ, ಮತ್ತೆ ಫ್ರೀರೆನ್‌ನ ಮೊದಲ ನಾಲ್ಕು. ಅಪೋಥೆಕರಿ ಓಣಂ ರಜೆಗೆ ಇಡುವ, ಆಗ ಅವಳೂ ಮನೆಯಲ್ಲೇ ಇರ್ತಾಳೆ. ಟೈಟನ್ ನಾನೊಬ್ಬಳೇ ರಾತ್ರಿ ನೋಡ್ತೇನೆ, ಮಾಸ್ಟ್ರು ಹೇಳಿದ ಆ ಕೆಂಪು ನೀರಿನ ಸೀನು ಕೇಳಿದ ಮೇಲೆ ಬಿಡ್ಲಿಕ್ಕಾಗುದಿಲ್ಲ. ಕನ್ನಡ ಡಬ್ ಯಾವ್ದಕ್ಕಾದ್ರೂ ಉಂಟಾ?

ಮಧುವಾಹಿನಿ

ನಾನು ನೋಡಿದ ಯಾವ್ದಕ್ಕೂ ಕನ್ನಡ ಕಾಣ್ಲಿಲ್ಲ. ಅನಿಮೆ ತೋರಿಸುವ ಆ್ಯಪ್ ಕ್ರಂಚಿರೋಲಲ್ಲಿ ಕೆಲವಕ್ಕೆ ಹಿಂದಿ ತಮಿಳು ತೆಲುಗು ಉಂಟು. ನಿಮ್ಮ ತಂಗಿಯ ಡಬ್ಬೇ ಒಳ್ಳೇದು. ಅಪೋಥೆಕರಿಯಲ್ಲಿ ಹೆಸರುಗಳು ಮಾತ್ರ ಒಂದರ ಹಾಗೆ ಒಂದು, ಅರಮನೆಯ ನಾಲ್ಕು ರಾಣಿಯರ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಡ್ಲಿಕ್ಕೆ ಹೇಳಿ ಅವಳಿಗೆ, ಮೊದಲ ಮೂರು ಎಪಿಸೋಡ್ ದಾಟಿದ್ರೆ ಮತ್ತೆ ಬೇಡ.

ಉಪ್ಪಳ_ಲೋಕಲ್

ಮತ್ತೆ ಯಾವತ್ತಾದ್ರೂ ಜುಜುತ್ಸು ನೋಡುದಾದ್ರೆ ಮೊದಲ ಸೀಸನ್ ಆದ್ಮೇಲೆ ಜೀರೋ ಸಿನೆಮಾ ನೋಡಿ ಮತ್ತೆ ಎರಡನೆಯದ್ದಕ್ಕೆ ಹೋಗಿ. ಕೊನೆಗೆ ಬರುವ ಬಿಳಿ ಕೋಟಿನವ ಆ ಸಿನೆಮಾದ ಹೀರೋ.

ಪೆರ್ಲ_ಪಾರ್ಸೆಲ್

ಅಲ್ಲ, ಸ್ಪೈ ಫ್ಯಾಮಿಲಿಯ ಎರಡನೇ ಸೀಸನೂ ಅದೇ ಅಕ್ಟೋಬರಿಗೇ ಬಂದದ್ದಲ್ವಾ, ಯಾರೂ ಹೆಸರೇ ಎತ್ಲಿಲ್ಲ?

ಮುಳ್ಳೇರಿಯ_ಮಾಸ್ಟ್ರು

ಹೌದು, 12 ಎಪಿಸೋಡು. ಹಡಗಿನ ಭಾಗ ಒಂದು ನೋಡಿದ್ರೆ ಸಾಕು, ಅಮ್ಮ ಮೇಲೆ ಡೆಕ್ಕಲ್ಲಿ ಹೊಡೆದಾಡುದು, ಅಪ್ಪ ಎಂತದೂ ಗೊತ್ತಿಲ್ಲದೆ ಮಗಳೊಟ್ಟಿಗೆ ಕೆಳಗೆ ರಜೆ ಮಾಡುದು. ಅದಕ್ಕೆ ಕೊನೆ ಇಲ್ಲದಿದ್ರೂ ಯಾರಿಗೂ ಬೇಜಾರಿಲ್ಲ.