ನೇತ್ರಾಣಿ ದ್ವೀಪದ ಮೇಲೆ ಇಳಿಯಬಹುದಾ? ಈಜು ಬಾರದವರು ಏನು ಮಾಡಬೇಕು?

ಬಯಲುಸೀಮೆಯವ:
ಜನವರಿಯಲ್ಲಿ ನಾನು, ನನ್ನ ಸ್ನೇಹಿತ ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಬೇಕು ಅಂತಿದ್ದೇವೆ. ದ್ವೀಪದ ಮೇಲೆ ಒಂದು ಸುತ್ತು ಹಾಕಿ ಬರಬಹುದಾ? ಅವನಿಗೆ ಈಜು ಬರುತ್ತೆ, ನನಗೆ ಬರಲ್ಲ. ನಾನೂ ಸ್ಕೂಬಾ (ಗಾಳಿ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಇಳಿಯೋದು) ಮಾಡಬಹುದಾ, ಇಲ್ಲ ಬೋಟಲ್ಲೇ ಕೂತಿರಬೇಕಾ? ಅದೇ ರಾತ್ರಿ ಒಂಬತ್ತಕ್ಕೆ ಮಂಗಳೂರಿಂದ ವಿಮಾನ ಇದೆ.

ಕಡಲಂಚು:
ಇಳಿಯೋ ಯೋಚನೆ ಬಿಡಿ ಮಾರಾಯ್ರೆ. ಅಲ್ಲಿ ಮರಳಿನ ದಂಡೆಯೂ ಇಲ್ಲ, ಜೆಟ್ಟಿಯೂ ಇಲ್ಲ. ನೀರಿಂದ ನೇರ ಎದ್ದ ಕಡಿದಾದ ಬಂಡೆ. ತೆರೆ ಏಳೋವಾಗ ಬೋಟನ್ನು ಹತ್ತಿರ ಒಯ್ದರೆ ಕಲ್ಲಿಗೆ ಬಡಿಯುತ್ತೆ. ಅದಕ್ಕಿಂತ ದೊಡ್ಡ ಕಾರಣ, ನೌಕಾಪಡೆ ಗುರಿ ಅಭ್ಯಾಸಕ್ಕೆ ಈ ದ್ವೀಪವನ್ನು ಬಳಸಿದೆ, ಸಿಡಿಯದ ಶೆಲ್ಲುಗಳು ಮೇಲೆ ಸಿಕ್ಕಿವೆ. ಪ್ರವಾಸಿಗರನ್ನು ಅಲ್ಲಿ ಹತ್ತಿಸೋದಿಲ್ಲ. ಗುಡ್ಡ, ಅದರ ಮೇಲೆ ಸುತ್ತೋ ಬಿಳಿಹೊಟ್ಟೆಯ ಕಡಲ ಹದ್ದು, ಎಲ್ಲ ಬೋಟಿಂದಲೇ ನೋಡಬೇಕು. ನೇತ್ರಾಣಿಯ ನಿಜವಾದ ಸಿರಿ ಇರೋದು ನೀರಿನ ಕೆಳಗೆ.

ದಡದಿಂದ ಸುಮಾರು 19 ಕಿ.ಮೀ., ಬೋಟಲ್ಲಿ ಒಂದರಿಂದ ಒಂದೂವರೆ ಗಂಟೆ. ಬೆಳಗಿನ ಮೊದಲ ಬೋಟೇ ಹಿಡಿಯಿರಿ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಜೋರಾಗುತ್ತೆ, ಅಲೆ ಎದ್ದು ವಾಪಸ್ ಬರೋದು ಕಷ್ಟ. ಖಾಲಿ ಹೊಟ್ಟೆಯಲ್ಲಿ ಹತ್ತಬೇಡಿ, ಎರಡು ಇಡ್ಲಿ ಸಾಕು. ಎಣ್ಣೆ ತಿಂಡಿ, ಹಾಲಿನ ಚಹಾ ಬೇಡ. ಬೋಟಿನ ಹಿಂಭಾಗ ಅಲುಗೋದು ಕಡಿಮೆ. ಆದರೆ ಡೀಸೆಲ್ ಹೊಗೆ ಬರೋ ಕಡೆ ಮಾತ್ರ ಕೂರಬೇಡಿ, ವಾಂತಿಗೆ ಅರ್ಧ ಕಾರಣ ಆ ಹೊಗೆಯೇ. ಕಣ್ಣು ದಿಗಂತದ ಮೇಲಿರಲಿ, ಮೊಬೈಲ್ ಮೇಲಲ್ಲ.

ನೀರಡಿ:
ಈಜು ಬಾರದಿದ್ದರೂ ಮೊದಲ ಬಾರಿಯವರ ಡೈವ್ ಮಾಡಬಹುದು, ಬೋಧಕರು ಹಿಡಿದುಕೊಂಡೇ ಇರ್ತಾರೆ. ಒಬ್ಬರಿಗೆ ಒಬ್ಬ ಬೋಧಕ ಅಂತ ಖಚಿತ ಮಾಡಿಕೊಂಡೇ ದುಡ್ಡು ಕಟ್ಟಿ. ಆಳದ ಮಿತಿ 12 ಮೀಟರ್.

ಹೆಚ್ಚಿನವರು ಸೋಲೋದು ಉಸಿರಾಟದಲ್ಲಲ್ಲ, ಕಿವಿಯಲ್ಲಿ. 10 ಮೀಟರಿಗೆ ಒತ್ತಡ ಮೇಲಿನದರ ಎರಡರಷ್ಟಾಗುತ್ತೆ. ಬದಲಾವಣೆ ತೀವ್ರವಾಗಿರೋದು ಮೊದಲ ಕೆಲವು ಮೀಟರಲ್ಲೇ. ಮೂಗು ಹಿಡಿದು ಮೆತ್ತಗೆ ಊದಿ. ನೋವು ಬಂದ ಮೇಲಲ್ಲ, ಬರೋ ಮುಂಚೆಯೇ, ಅರ್ಧ ಅರ್ಧ ಮೀಟರಿಗೂ. ಕಿವಿ ತೆರೆಯದಿದ್ದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ಊದಿ. ಬಲವಂತ ಮಾಡಿದರೆ ಕಿವಿಯ ತಮಟೆ ಹರಿಯಬಹುದು.

ಉಸಿರು ಯಾವತ್ತೂ ಹಿಡಿಯಬಾರದು. ಹಿಡಿದು ಮೇಲೆ ಬಂದರೆ ಎದೆಯೊಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೆ ಪೆಟ್ಟು.

ಸನ್ನೆಗಳನ್ನು ಇಬ್ಬರೂ ದಡದಲ್ಲೇ ಕಲಿಯಿರಿ. ಹೆಬ್ಬೆರಳು ಮೇಲೆತ್ತಿದರೆ ನೀರೊಳಗೆ "ಸೂಪರ್" ಅಂತಲ್ಲ, "ಮೇಲೆ ಹೋಗೋಣ" ಅಂತ. ಖುಷಿಯಲ್ಲಿ ಹಾಗೆ ತೋರಿಸಿ ಅರ್ಧಕ್ಕೇ ಡೈವ್ ಮುಗಿಸಿಕೊಳ್ಳೋರು ಬಹಳ. ಸರಿಯಿದೆ ಅನ್ನೋಕೆ ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಿ.

ಗಿಣಿಮೀನು, ಚಿಟ್ಟೆಮೀನು ಧಾರಾಳವಾಗಿ ಕಾಣ್ತವೆ. ಹವಳದ ಮೇಲೆ ನಿಲ್ಲಬೇಡಿ, ಕಾಲಿಟ್ಟಲ್ಲಿ ಅದು ಸಾಯುತ್ತೆ, ಮತ್ತೆ ಬೆಳೆಯೋಕೆ ವರ್ಷಗಳು ಬೇಕು. ಗರಿ ಕೆದರಿದ ಸಿಂಹಮೀನಿನ ಮುಳ್ಳಲ್ಲಿ ವಿಷ ಇದೆ, ಮುಟ್ಟಬೇಡಿ.

ನಿಮ್ಮ ವಿಮಾನದ ಲೆಕ್ಕ ಕೂಡಲ್ಲ. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಎರಡಾದರೆ 18 ಗಂಟೆ ಬಿಟ್ಟು ವಿಮಾನ ಹತ್ತಬೇಕು. ರಕ್ತದಲ್ಲಿ ಕರಗಿದ ನೈಟ್ರೋಜನ್ ಕಡಿಮೆ ಒತ್ತಡದಲ್ಲಿ ಗುಳ್ಳೆಯಾದರೆ ಕೀಲು ನೋವಿಂದ ಹಿಡಿದು ಲಕ್ವದವರೆಗೂ ಹೋಗಬಹುದು. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಘಟ್ಟ ಹತ್ತೋ ಬಸ್ಸಿಗೂ ಇದೇ ನಿಯಮ. ಡೈವ್ ಮುಗಿದ ಕೂಡಲೇ ಕಾರಲ್ಲಿ ಘಟ್ಟ ಹತ್ತಬೇಡಿ.

ಬಯಲುಸೀಮೆಯವ:
ತುಂಬ ಉಪಕಾರ. ಟಿಕೆಟ್ ಮರುದಿನಕ್ಕೆ ಹಾಕಿಸ್ತೀವಿ. ಸ್ನೇಹಿತನಿಗೆ ದಪ್ಪ ಮೀಸೆ, ಮಾಸ್ಕೊಳಗೆ ನೀರು ಬರುತ್ತಾ? ಅವನಿಗೆ ಆಗಾಗ ನೆಗಡಿ ಬೇರೆ.

ನೀರಡಿ:
ಮೀಸೆ ಇದ್ದರೆ ಸ್ವಲ್ಪ ಸೋರುತ್ತೆ. ಮೂಗಿನ ಕೆಳಗಿನ ಒಂದು ಎಳೆ ಅಗಲ ಟ್ರಿಮ್ ಮಾಡಿದರೆ ಸಾಕು. ವ್ಯಾಸಲೀನ್ ಹಚ್ಚಬೇಡಿ, ರಬ್ಬರ್ ಭಾಗಗಳನ್ನು ಹಾಳು ಮಾಡುತ್ತೆ. ಒಳಗೆ ಬಂದ ನೀರು ತೆಗೆಯೋಕೆ ಮಾಸ್ಕಿನ ಮೇಲಂಚು ಹಣೆಗೆ ಒತ್ತಿ, ತಲೆ ಎತ್ತಿ, ಮೂಗಿಂದ ಊದಬೇಕು.

ನೆಗಡಿ ಇದ್ದರೆ ಡೈವ್ ಬೇಡವೇ ಬೇಡ. ಮೂಗು ತೆರೆಯೋ ಡ್ರಾಪ್ಸ್ ಹಾಕಿ ಇಳಿದರೆ, ಕೆಳಗಿರುವಾಗಲೇ ಅದರ ಪ್ರಭಾವ ಇಳಿದು ಮೇಲೆ ಬರೋವಾಗ ಕಿವಿಯೊಳಗೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತೆ. ಆವತ್ತು ಲೈಫ್ ಜಾಕೆಟ್ ಹಾಕಿಕೊಂಡು ಸ್ನಾರ್ಕೆಲಿಂಗ್ (ಕೊಳವೆಯಲ್ಲಿ ಉಸಿರಾಡುತ್ತಾ ನೀರಿನ ಮೇಲೆಯೇ ತೇಲಿ ಕೆಳಗೆ ನೋಡೋದು) ಮಾಡಲಿ. ತಿಳಿನೀರಿದ್ದರೆ ಬಂಡೆಯಂಚಿನ ಮೀನುಗಳು ಮೇಲಿಂದಲೇ ಚೆನ್ನಾಗಿ ಕಾಣ್ತವೆ. ಅಸ್ತಮಾ, ಹೃದಯದ ತೊಂದರೆ, ಮೂರ್ಛೆ ರೋಗ ಇದ್ದವರು ಊರಲ್ಲೇ ವೈದ್ಯರ ಪತ್ರ ತಗೊಂಡು ಬರಬೇಕು, ಬೋಟ್ ಹತ್ತೋ ಮುಂಚೆ ಕೊಡೋ ಆರೋಗ್ಯದ ಫಾರ್ಮಲ್ಲಿ ಇದನ್ನೆಲ್ಲ ಕೇಳ್ತಾರೆ.