ಕಿವಿಯಿಲ್ಲದ ಟಗರಿನ ಊರು

ಮಗಳನ್ನು ನೋಡಲು ಸೀನ ಸ್ಕಾಟ್ಲೆಂಡಿಗೆ ಹೋಗಿ ಬಂದಮೇಲೆ ನಮ್ಮ ಕಟ್ಟೆಯಲ್ಲಿ ಬೇರೆ ಮಾತೇ ಇಲ್ಲ. ಎಡಿನ್‌ಬರೋ ಕೋಟೆ ಹೇಗಿದೆ ಅಂದರೆ "ಚೆನ್ನಾಗಿದೆ" ಎಂದು ಮುಗಿಸುತ್ತಾನೆ. ಮೊಫಟ್ ಅಂದರೆ ಮಾತ್ರ ಚಕ್ಕಳಮಕ್ಕಳ ಹಾಕಿ ಕೂರುತ್ತಾನೆ.

"ಆನನ್ ನದಿ ಕಣಿವೆಯ ಪುಟ್ಟ ಊರು ಕಣ್ರೋ. ಜನ ಎರಡೂವರೆ ಸಾವಿರದಷ್ಟು."

"ಅದು ಲೋಲ್ಯಾಂಡ್ಸ್, ಅಂದರೆ ತಗ್ಗುನಾಡು ಅಲ್ವಾ? ಚಪ್ಪಟೆ ನೆಲ ಇರಬೇಕು," ಎಂದ ನಾಣಿ.

"ಎಲ್ಲಿಯ ಚಪ್ಪಟೆ! ಪಕ್ಕದಲ್ಲೇ ಹಾರ್ಟ್ ಫೆಲ್ ಬೆಟ್ಟ, 808 ಮೀಟರ್. ನನ್ನ ಮಂಡಿಯನ್ನೇ ಕೇಳು. ಆನನ್, ಟ್ವೀಡ್, ಕ್ಲೈಡ್ ಮೂರೂ ಒಂದೇ ಗುಡ್ಡದ ಮಗ್ಗುಲಲ್ಲಿ ಹುಟ್ಟುತ್ತವೆ ಅಂತ ಆ ಕಡೆಯ ಗಾದೆ. ಆಮೇಲೆ ಒಂದು ದಕ್ಷಿಣಕ್ಕೆ, ಒಂದು ಪೂರ್ವಕ್ಕೆ, ಇನ್ನೊಂದು ಗ್ಲಾಸ್ಗೋ ಮೇಲೆ ಪಶ್ಚಿಮಕ್ಕೆ."

"ಆಸ್ತಿ ಪಾಲಾದ ಅಣ್ಣತಮ್ಮಂದಿರ ಹಾಗೆ. ಸರಿ, ಊರು ಹೆಸರಾಗಿದ್ದು ಯಾವುದಕ್ಕೆ?"

"ವಾಸನೆಗೆ! 1633ರಲ್ಲಿ ರೇಚಲ್ ವೈಟ್‌ಫರ್ಡ್ ಎಂಬಾಕೆ ಗಂಧಕದ ಬುಗ್ಗೆ ಕಂಡುಹಿಡಿದಳಂತೆ. ಥೇಟ್ ಕೊಳೆತ ಮೊಟ್ಟೆ. ಇಷ್ಟು ನಾರುತ್ತೆ ಅಂದಮೇಲೆ ಔಷಧಿಯೇ ಇರಬೇಕು ಅಂತ ದುಡ್ಡಿದ್ದವರೆಲ್ಲ ಮೂಗು ಹಿಡಿದು ಕುಡಿದರು. ಊರು ಉದ್ಧಾರವಾಯಿತು. 1878ರಲ್ಲಿ ನೀರಿನ ಚಿಕಿತ್ಸೆಗೆಂದೇ ಭಾರಿ ಹೋಟೆಲ್ ಕಟ್ಟಿದರು. 1921ರಲ್ಲಿ ಅದು ಬೆಂಕಿಗೆ ಸುಟ್ಟುಹೋಯಿತು."

"ಅಷ್ಟು ನೀರಿಟ್ಟುಕೊಂಡು?"

ಸೀನ ಕೇಳಿಸದವನಂತೆ ಮುಂದುವರಿದ. ಊರಿನ ಉತ್ತರಕ್ಕೆ ಡೆವಿಲ್ಸ್ ಬೀಫ್ ಟಬ್ ಅನ್ನೋ ಆಳವಾದ ತಗ್ಗಿದೆಯಂತೆ, ಸುತ್ತ ಕಡಿದಾದ ಗುಡ್ಡ. ಗಡಿನಾಡಿನಲ್ಲಿ ದನ ಕದಿಯುತ್ತಿದ್ದ ಜಾನ್‌ಸ್ಟನ್ ಮನೆತನದವರು ಕದ್ದ ಮಾಲನ್ನು ಅಲ್ಲಿ ಬಚ್ಚಿಡುತ್ತಿದ್ದರು. ಈಗ ಜನ ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಾರೆ.

"ಹೈ ಸ್ಟ್ರೀಟಿನಲ್ಲಿ ಬಂಡೆಗಳ ಗುಡ್ಡೆ ಮೇಲೆ ಕಂಚಿನ ಟಗರು ನಿಲ್ಲಿಸಿದ್ದಾರೆ, 1875ರದ್ದು. ಕುರಿ, ಉಣ್ಣೆ ವ್ಯಾಪಾರದ ಊರಲ್ವಾ. ಕೊಂಬು ಸುರುಳಿ ಸುರುಳಿ, ಮೈತುಂಬ ಉಣ್ಣೆ. ಸುತ್ತ ಹೋಗಿ ನೋಡ್ತೀನಿ, ಕಿವಿಯೇ ಇಲ್ಲ! ಶಿಲ್ಪಿ ವಿಲಿಯಂ ಬ್ರೋಡಿ ಮರೆತೇಬಿಟ್ಟ ಅಂತಾರೆ ಜನ."

"ಎಷ್ಟು ದೂರು ಕೊಟ್ಟರೂ ಕೇಳಿಸಲ್ಲ. ಒಳ್ಳೆ ಆಫೀಸರ್ ಆಗ್ತಿತ್ತು," ಎಂದ ನಾಣಿ.

"ಜಲ್ಲಿ ಹಾಸಿ ರಸ್ತೆ ಮಾಡೋ ವಿಧಾನ ತಂದ ಮೆಕ್ಯಾಡಮ್ ಇದ್ದನಲ್ಲ, 1836ರಲ್ಲಿ ತೀರಿಕೊಂಡಿದ್ದು ಅಲ್ಲೇ. ಸಮಾಧಿಯೂ ಅಲ್ಲೇ ಇದೆ."

ರಸ್ತೆ ಎಂಜಿನಿಯರ್ ಆಗಿ ರಿಟೈರ್ ಆದ ಪುಟ್ಟಣ್ಣ ಅಲ್ಲಿಯವರೆಗೆ ತೂಕಡಿಸುತ್ತಿದ್ದರು. ಥಟ್ಟನೆ ಎದ್ದು ಕೂತರು.

"ನಮ್ಮ ಡಬ್ಲ್ಯೂಬಿಎಂ, ಅಂದರೆ ವಾಟರ್ ಬೌಂಡ್ ಮೆಕ್ಯಾಡಮ್ ರಸ್ತೆಯಲ್ಲಿರೋ ಎಂ ಅವನೇ ಕಣಯ್ಯ! ಬಾಯೊಳಗೆ ಹಿಡಿಸುವಷ್ಟು ಚಿಕ್ಕ ಜಲ್ಲಿ ಇರಬೇಕು ಅಂತ ಹೇಳಿದ್ದನಂತೆ. ಒಬ್ಬ ಮುದುಕ ಮಾತ್ರ ದಪ್ಪ ದಪ್ಪ ಕಲ್ಲು ಹಾಕ್ತಿದ್ದ. ಬಾಯಿ ತೆಗೆಸಿ ನೋಡಿದರೆ ಒಂದು ಹಲ್ಲೂ ಇಲ್ಲ, ಗುಹೆ! ಕತೆ ಇರಬಹುದು, ಆದರೆ ಚೆನ್ನಾಗಿದೆ."

"ನಮ್ಮ ಕಡೆ ಹಲ್ಲಿರೋರೇ ಇಡೀ ರಸ್ತೆ ನುಂಗಿದ್ದಾರೆ ಬಿಡಿ," ಎಂದ ನಾಣಿ.

ಎಲ್ಲರೂ ನಕ್ಕೆವು. ಪುಟ್ಟಣ್ಣ ಮಾತ್ರ ನಗಲಿಲ್ಲ. "ಆ ಬಿಲ್ ಪಾಸ್ ಮಾಡಿದ್ದು ನಾನಲ್ಲ," ಎಂದರು.