ಹಳೆಯ ಮಾಸ್ಟರ್ ರೋಲಿನಿಂದ ಕತ್ತರಿಸಿದ ಫಿಲ್ಮ್ ಹೊಸದೇ?

ಪ್ರಶ್ನೆ:
ಜರ್ಮನಿಯ ಆಗ್ಫಾಫೋಟೊ ಕಂಪನಿ 2005ರಲ್ಲಿ ದಿವಾಳಿಯಾದ ಮೇಲೂ ಅದರ ಎಪಿಎಕ್ಸ್ 100 ಕಪ್ಪು-ಬಿಳುಪು ಫಿಲ್ಮ್ ಕೆಲವು ವರ್ಷ ಅಂಗಡಿಗಳಲ್ಲಿ ಸಿಗುತ್ತಿತ್ತು. ಮೊದಲೇ ಎಮಲ್ಷನ್ (ಬೆಳಕಿಗೆ ಸ್ಪಂದಿಸುವ ಲೇಪ) ಬಳಿದು ಶೈತ್ಯಾಗಾರದಲ್ಲಿಟ್ಟಿದ್ದ ಮಾಸ್ಟರ್ ರೋಲುಗಳನ್ನು, ಅಂದರೆ ಅಗಲವಾದ ದೊಡ್ಡ ಸುರುಳಿಗಳನ್ನು, ಹೊರತೆಗೆದು, 35 ಮಿಲಿಮೀಟರ್ ಅಗಲಕ್ಕೆ ಸೀಳಿ, ಅಂಚಿಗೆ ತೂತು ಹೊಡೆದು, ಡಬ್ಬಿಗೆ ತುಂಬಿ ಮಾರಲಾಗುತ್ತಿತ್ತು. ಅಂಥ ನಾಲ್ಕು ರೋಲುಗಳು ನನ್ನ ಫ್ರೀಜರಿನಲ್ಲಿವೆ. ಇವನ್ನು ತಯಾರಾದಾಗ ಹೊಸ ಫಿಲ್ಮ್ ಎಂದು ಕರೆದದ್ದು ಸರಿಯೇ?

ಮೊದಲ ಉತ್ತರ:
ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಥಾನಿನಿಂದ ಬಟ್ಟೆ ಕತ್ತರಿಸಿದ ದಿನವನ್ನು ಯಾರೂ ಬಟ್ಟೆ ನೇಯ್ದ ದಿನ ಎನ್ನುವುದಿಲ್ಲ. ಹಾಗೆಯೇ ಫಿಲ್ಮಿನ ವಯಸ್ಸು ಎಮಲ್ಷನ್ ಬಳಿದ ದಿನದಿಂದಲೇ ಶುರುವಾಗುತ್ತದೆ. ಚಳಿಯು ರಾಸಾಯನಿಕ ಬದಲಾವಣೆಗಳನ್ನು ಬಹಳ ನಿಧಾನಗೊಳಿಸುತ್ತದೆ ನಿಜ, ಆದರೆ ಬಾಹ್ಯಾಕಾಶದಿಂದ ಬರುವ ಕಿರಣಗಳನ್ನೂ ಸುತ್ತಲಿನ ಕಲ್ಲು-ಮಣ್ಣಿನ ವಿಕಿರಣವನ್ನೂ ಫ್ರೀಜರಿನ ಗೋಡೆ ತಡೆಯುವುದಿಲ್ಲವಾದ್ದರಿಂದ, ಬೆಳಕೇ ಕಾಣದ ಫಿಲ್ಮಿನ ಮೇಲೂ ವರ್ಷದಿಂದ ವರ್ಷಕ್ಕೆ ಮಂಕು, ಅಂದರೆ ಬೂದಿ ಬಣ್ಣದ ಮುಸುಕು, ಕೂಡುತ್ತಾ ಹೋಗುತ್ತದೆ. ಫಿಲ್ಮಿನ ವೇಗ, ಅಂದರೆ ಬೆಳಕಿಗೆ ಸ್ಪಂದಿಸುವ ಶಕ್ತಿ, ಹೆಚ್ಚಿದಷ್ಟೂ ಈ ಪೆಟ್ಟು ಹೆಚ್ಚು. 400 ವೇಗದ ಫಿಲ್ಮಿಗಿಂತ 100ರದ್ದು ಚೆನ್ನಾಗಿ ತಾಳಿಕೊಳ್ಳುವುದು ಅದರಿಂದಲೇ.

ಎರಡನೆಯ ಉತ್ತರ:
‘ಹೊಸದು’ ಮತ್ತು ‘ಕೆಡದೆ ಇರುವುದು’ ಎರಡನ್ನೂ ಒಂದೇ ಮಾಡಬಾರದು. ಕಳೆದ ವರ್ಷ ನಾನು ಇದೇ ಎಪಿಎಕ್ಸ್ 100ರ ಒಂದು ರೋಲನ್ನು ಡೆವಲಪ್ ಮಾಡಿ ಒಣಗಲು ನೇತುಹಾಕಿದಾಗ, ತೂತುಗಳ ನಡುವಿನ ಖಾಲಿ ಅಂಚು ತೆಳು ಬೂದಿ ಬಣ್ಣಕ್ಕೆ ತಿರುಗಿತ್ತು, ಅಷ್ಟೇ. ನೆರಳಿನ ವಿವರಗಳೆಲ್ಲ ಉಳಿದಿದ್ದವು. ಹಾಗಿದ್ದರೂ ಅದನ್ನು ಹೊಸದೆಂದು ಮಾರುವುದನ್ನು ನಾನು ಒಪ್ಪಲಾರೆ. ಎಮಲ್ಷನ್ ಬಳಿದ ವರ್ಷವನ್ನು ಡಬ್ಬಿಯ ಮೇಲೆ ಮುದ್ರಿಸುವುದು ಕೊಳ್ಳುವವರಿಗೆ ತೋರಬೇಕಾದ ಕನಿಷ್ಠ ಮರ್ಯಾದೆ. ಇದರ ಇನ್ನೊಂದು ಮಗ್ಗುಲನ್ನೂ ನೋಡಿ. ಹಳೆಯ ದಾಸ್ತಾನು ಮುಗಿದ ಮೇಲೆ ಎಪಿಎಕ್ಸ್ ಎಂಬ ಹೆಸರಿನಲ್ಲೇ ಬಂದದ್ದು ಬೇರೆ ಎಮಲ್ಷನ್. ಅದು ನಿಜಕ್ಕೂ ಹೊಸ ಫಿಲ್ಮ್, ಆದರೆ ನಾವು ಪ್ರೀತಿಸಿದ ಎಪಿಎಕ್ಸ್ ಅಲ್ಲ. ಡೆವಲಪ್ ಮಾಡುವ ಸಮಯವನ್ನೂ ಮೊದಲಿನಿಂದ ಕಂಡುಕೊಳ್ಳಬೇಕಾಯಿತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಒಂದು ರೋಲನ್ನು ಈ ರಾತ್ರಿಯೇ ಫ್ರೀಜರಿನಿಂದ ತೆಗೆದು, ತೇವ ಕೂರದಂತೆ ಡಬ್ಬಿ ಮುಚ್ಚಿಯೇ ಬೆಳಗಿನವರೆಗೆ ಬಿಡುತ್ತೇನೆ. ನಾಳೆ ಕತ್ತಲಲ್ಲಿ ಅದರ ಒಂದು ಗೇಣು ತುಂಡು ಕತ್ತರಿಸಿ, ಬೆಳಕು ತೋರಿಸದೆ ಡೆವಲಪ್ ಮಾಡಿ, ಎಷ್ಟು ಮಂಕು ಕೂತಿದೆ ಎಂದು ಇಲ್ಲಿ ತಿಳಿಸುತ್ತೇನೆ.